ಕಾಯಕ ಮುಗಿಸಿದ ಎತ್ತಿಗೆ ದಾಸೋಹ



ಕಾರಹುಣ್ಣಿಮೆಗೆ ನಾವು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಊರೊಳಗೆ ಮೆರೆಸುತ್ತೇವೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಣ್ಣಿನ ಎತ್ತನ್ನೂ ಜಗುಲಿಯ ಮೇಲಿಟ್ಟು ಪೂಜಿಸುತ್ತೇವೆ. ಎತ್ತನ್ನು ಬಸವಣ್ಣನೆಂದೇ ಕರೆಯುವ ಮಂದಿ ನಾವು. ಒಂದು ವರ್ಷ ಆ ಅಮಾವಾಸ್ಯೆಯ ಮರುದಿನ ನಸುಕಿನಲ್ಲಿ ಎದ್ದು ನೋಡಿದರೆ, ಮಠದ ಬಾಗಿಲ ಕಂಬಕ್ಕೆ ಯಾರೋ ಒಂದು ಮುದಿ ಎತ್ತನ್ನು ಕಟ್ಟಿ ಹೋಗಿದ್ದರು. ಹೆಗಲ ಮೇಲೆ ನೊಗದ ಗಡ್ಡೆ, ಹುಣ್ಣಾದ ಮೂಗಿನಲ್ಲಿ ಹೂತುಹೋದ ಮೂಗುದಾರ, ಎಣಿಸಲು ಬರುವಂಥ ಪಕ್ಕೆಲುಬು. ಕೋಡಿನ ಮೇಲೆ ಮಾತ್ರ ಕಾರಹುಣ್ಣಿಮೆಯ ಬಣ್ಣ ಇನ್ನೂ ಮಾಸಿರಲಿಲ್ಲ.

ನಿಮಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಅದನ್ನು ಕಂಡಾಗ ನಮಗೆ ಮೊದಲು ಬಂದದ್ದು ಸಿಟ್ಟು. ಮಠವೇನು ಕೊಂಡವಾಡವೇ ಎಂದೆವು. ಆಮೇಲೆ ಕರುಣೆ ಬಂತು. ಅದೂ ತಿಳಿವಳಿಕೆಯಿಲ್ಲದ ಕರುಣೆ. ಪ್ರಸಾದದಲ್ಲಿ ಉಳಿದ ಅನ್ನ, ಹುಗ್ಗಿ, ಮೇಲೆ ಒಂದು ಬುಟ್ಟಿ ಜೋಳದ ನುಚ್ಚು ಇಟ್ಟೆವು. ಸಂಜೆಗೆ ಎತ್ತು ಹೊಟ್ಟೆಯುಬ್ಬಿ ನೆಲಕ್ಕೊರಗಿತು. ಹಸಿದ ದನಕ್ಕೆ ಒಮ್ಮೆಲೇ ಕಾಳು, ಅನ್ನ ಹಾಕಿದರೆ ಅದು ಹೊಟ್ಟೆಯಲ್ಲಿ ಹುಳಿಯಾಗಿ ಪ್ರಾಣವನ್ನೇ ತೆಗೆಯಬಹುದೆಂದು ಪಶುವೈದ್ಯರು ತಿಳಿಸಿದರು. ಅವರ ಉಪಚಾರದಿಂದ ಅದು ಬದುಕಿತು. ದಯೆ ಇದ್ದರೆ ಸಾಲದು, ಅದಕ್ಕೆ ಅರಿವೂ ಬೇಕೆಂಬುದನ್ನು ಆ ಮೂಕಪ್ರಾಣಿ ನಮಗೆ ಕಲಿಸಿತು.

ಕಟ್ಟಿ ಹೋದವನನ್ನು ಕಟುಕನೆಂದು ನಾವು ಕರೆಯಲಾರೆವು. ರೈತನ ಸಂಕಟ ನಮಗೆ ಗೊತ್ತಿದೆ. ಉಳುಮೆಗೆ ಟ್ರ್ಯಾಕ್ಟರ್ ಬಂತು. ಸೋಲಾಪುರ, ಜತ್ತ ಕಡೆ ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳಿಗೆ ಕಬ್ಬು, ದ್ರಾಕ್ಷಿ, ದಾಳಿಂಬೆ ಬಂದು ಕಣಿಕೆಯ ಬಣವಿ ಸಣ್ಣದಾಯಿತು. 2015ರಿಂದ ಮಹಾರಾಷ್ಟ್ರದಲ್ಲಿ ಎತ್ತು, ಹೋರಿಗಳ ವಧೆಗೂ ನಿಷೇಧ ಬಂದ ಮೇಲೆ ಸಂತೆಯಲ್ಲಿ ಮುದಿ ಎತ್ತನ್ನು ಕೇಳುವವರಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಬೀದಿಪಾಲಾದ ದನಗಳು ಸುಮಾರು 50 ಲಕ್ಷವೆಂದು ಕಂಡುಬಂತು. ಅವುಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ಯಾರದೋ ದಾವಣಿಯಲ್ಲಿ ನಿಂತವೇ.

ಆದರೂ ಭಕ್ತರೇ, ಬಿಟ್ಟುಬಿಡುವುದು ದಾನವಲ್ಲ. ನಮಗೆ ಬೇಕಾದದ್ದನ್ನು ಕೊಟ್ಟರೆ ದಾನ, ಬೇಡವಾದದ್ದನ್ನು ಕೊಟ್ಟರೆ ಅದು ಭಾರ ಇಳಿಸಿಕೊಂಡಂತೆ. ಹಿಂದೆಯೂ ದೇವರ ಹೆಸರಿನಲ್ಲಿ ಬಸವನನ್ನು ಬಿಡುತ್ತಿದ್ದರಲ್ಲ ಎಂದು ಕೆಲವರು ಕೇಳುತ್ತಾರೆ. ಹೌದು, ಆದರೆ ಹಾಗೆ ಬಿಡುತ್ತಿದ್ದುದು ಎಳೆಯ, ಗಟ್ಟಿಮುಟ್ಟಾದ ಹೋರಿಯನ್ನು. ಅದಕ್ಕೆ ಊರೆಲ್ಲ ಮೇವು ಹಾಕುತ್ತಿತ್ತು. ಪ್ರಾಣಿಯನ್ನು ಹಸಿವು ನೀರಡಿಕೆಗೆ ಗುರಿಮಾಡಿ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು. ಕಾಯ್ದೆ ನೋಡಲಿ ಬಿಡಲಿ, ಅಂತರಂಗದ ಲೆಕ್ಕ ತಪ್ಪುವುದಿಲ್ಲ.

ಶರಣರು ನಮಗೆ ಕೊಟ್ಟದ್ದು ಕಾಯಕ ಮತ್ತು ದಾಸೋಹ. ಹತ್ತು ಹನ್ನೆರಡು ವರ್ಷ ಕುಂಟೆ ಕೂರಿಗೆ ಎಳೆದ ಎತ್ತು ತನ್ನ ಕಾಯಕವನ್ನು ಮುಗಿಸಿದೆ. ಉಳಿದದ್ದು ನಮ್ಮ ದಾಸೋಹ. ಸೊನ್ನಲಿಗೆಯ ಸಿದ್ಧರಾಮೇಶ್ವರರು 12ನೇ ಶತಮಾನದಲ್ಲಿ ಕಟ್ಟಿಸಿದ ಕೆರೆ ಇಂದಿಗೂ ಸೋಲಾಪುರದ ನಡುವೆ ಇದೆ. ನೀರಿಗೆ ಬಂದ ದನಕ್ಕೆ, ನೀನು ದುಡಿಯುವೆಯಾ ಎಂದು ಯಾವ ಕೆರೆಯೂ ಕೇಳಿಲ್ಲ.

ಇನ್ನು ಮಾಡತಕ್ಕದ್ದೇನು? ಬಿಡಾಡಿ ದನ ಕಂಡರೆ ಮೊದಲು ನೀರು, ಸ್ವಲ್ಪ ಒಣಮೇವು ಕೊಡಿರಿ. ಕಾಳು, ಹಿಂಡಿಯನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿರಿ. ಹುಳಬಿದ್ದ ಗಾಯವನ್ನು ಪಶುವೈದ್ಯರಿಗೆ ತೋರಿಸಿರಿ. ಮೂರು ವಾರವಾದರೂ ನಿಮ್ಮ ದನಗಳಿಂದ ದೂರ ಕಟ್ಟಿ, ಕಾಲುಬಾಯಿ ಬೇನೆಗೂ ಚರ್ಮಗಂಟು ರೋಗಕ್ಕೂ ಲಸಿಕೆ ಹಾಕಿಸಿರಿ. 2022ರಲ್ಲಿ ಚರ್ಮಗಂಟು ರೋಗ ಎಷ್ಟು ಮನೆಯ ದಾವಣಿ ಬರಿದು ಮಾಡಿತೆಂಬುದನ್ನು ಮರೆಯಬೇಡಿರಿ. ಕಿವಿಯಲ್ಲಿ ಬಿಲ್ಲೆ ಇದ್ದರೆ ಅದರ 12 ಅಂಕಿಗಳನ್ನು ಪಶು ಆಸ್ಪತ್ರೆಗೆ ತಿಳಿಸಿರಿ. ವ್ಯಾಪಾರಿ ಬಂಧುಗಳು ಅಂಗಡಿ ಮುಂದೆ ಒಂದು ನೀರಿನ ದೋಣಿ ಇಡಿರಿ. ಚೀಲಕ್ಕೆ ಬಾಯಿ ಹಾಕಿತೆಂದು ಬಡಿಗೆಯಿಂದ ಹೊಡೆಯಬೇಡಿರಿ. ಉಳಿದ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಬೇಡಿರಿ. ದನ ಅದನ್ನು ಚೀಲದ ಸಮೇತ ನುಂಗುತ್ತದೆ, ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗಂಟಾಗಿ ಸಾಯುತ್ತದೆ.

ನಮ್ಮ ಎತ್ತು ಮೂರು ತಿಂಗಳಲ್ಲಿ ಚೇತರಿಸಿತು. ದಾಳಿಂಬೆ ತೋಟದ ಒಬ್ಬ ಭಕ್ತರು ಗೊಬ್ಬರಕ್ಕೆ ಸೆಗಣಿ ಸಾಕೆಂದು ಕೇಳಿ ಒಯ್ದರು. ಹೂಡಬಾರದು, ಮಾರಬಾರದು, ಸಾಕಲಾಗದಿದ್ದರೆ ಮಠಕ್ಕೇ ತಂದು ಕಟ್ಟಬೇಕೆಂದು ಮಾತು ತೆಗೆದುಕೊಂಡೆವು. ಮುಂದಿನ ಜಾತ್ರೆಗೆ ಒಬ್ಬ ರೈತರು ಬಂದು ಬಾಗಿಲ ಕಂಬವನ್ನೇ ನೋಡುತ್ತ ನಿಂತರು. ಎತ್ತು ಚೆನ್ನಾಗಿದೆಯೆಂದು ಹೇಳಿದೆವು. ಹೆಸರು ಹೇಳದೆ ಎರಡು ಹೊರೆ ಕಣಿಕೆ ಇಳಿಸಿ, ಕಣ್ಣೊರೆಸಿಕೊಂಡು ಹೋದರು. ನಾವೂ ಕೇಳಲಿಲ್ಲ.

ಒಬ್ಬನಿಗೆ ಭಾರವಾದದ್ದು ಐವರಿಗೆ ಭಾರವಲ್ಲ. ಊರಿಗೊಂದು ಗೋದಲಿ ಇಡಿರಿ. ಐದು ಮನೆಯವರು ಸೇರಿ ಕಾಯಕ ಮುಗಿಸಿದ ಒಂದು ಜೀವವನ್ನು ಸಾಕಿರಿ. ಸಾಕಲಾರದ ದಿನ ಬಂದರೆ ಕತ್ತಲಲ್ಲಿ ಕಟ್ಟಿ ಹೋಗದೆ, ಹಗಲಲ್ಲಿ ಬಂದು ನಮಗೆ ಹೇಳಿರಿ. ನಾವು ಬೈಯುವುದಿಲ್ಲ, ಕೂಡಿ ದಾರಿ ಹುಡುಕೋಣ.

ಗಡಿನಾಡಿನ ಸಕಲ ಭಕ್ತರಿಗೂ ಅವರ ದನಕರುಗಳಿಗೂ ಬಸವಾದಿ ಶರಣರ ಕೃಪೆ ಇರಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.