ರಕ್ತದ ಅಂಕಿ ಏನು ಹೇಳಬಲ್ಲದು?

ಗದ್ದದ ಮೇಲೆ ಕೂದಲು ಮೂಡಿ, ಮುಟ್ಟು ಏರುಪೇರಾದ ಹೆಣ್ಣುಮಗಳ ರಿಪೋರ್ಟಿನಲ್ಲಿ ಡಿಎಚ್‌ಇಎ-ಎಸ್ ಎಂಬ ಹಾರ್ಮೋನು ಹೆಚ್ಚೆಂದು ಬಂದರೆ ಮನೆಯಲ್ಲಿ ಏಳುವ ಪ್ರಶ್ನೆ ವೈದ್ಯರಿಗಷ್ಟೇ ಸೇರಿದ್ದಲ್ಲ. ಇವಳು ಪೂರ್ತಿ ಹೆಣ್ಣೇ? ಇದು ಯಾವ ಕರ್ಮದ ಫಲ? ಇವೆರಡಕ್ಕೂ ಆ ಅಂಕಿಯಲ್ಲಿ ಉತ್ತರವಿಲ್ಲ ಎಂಬುದು ನನ್ನ ವಾದ. ಶರಣ ಪರಂಪರೆಯ ಮುರುಘಾಮಠವಿರುವ ಚಿತ್ರದುರ್ಗಕ್ಕೆ ಇದು ಹೊಸ ಮಾತಾಗಬೇಕಿಲ್ಲ. ಮೈಯ ಗುರುತು ನೋಡಿ ಗಂಡು ಹೆಣ್ಣೆಂದು ತೀರ್ಮಾನಿಸುವವರೆದುರು, ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂದವರು ಬಸವಣ್ಣನವರಿಗಿಂತ ಹಿಂದಿನ ಜೇಡರ ದಾಸಿಮಯ್ಯ.

ಅಂಕಿ ಹುಟ್ಟುವ ಬಗೆಯನ್ನೇ ನೋಡೋಣ. ರಿಪೋರ್ಟಿನಲ್ಲಿ ಅಚ್ಚಾಗುವ ‘ನಾರ್ಮಲ್’ ಮಿತಿ ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95 ಮಂದಿಯ ಅಳತೆ. ಅಂದರೆ ಯಾವ ಕಾಯಿಲೆಯೂ ಇಲ್ಲದ 20 ಮಂದಿಯಲ್ಲಿ ಸುಮಾರು ಒಬ್ಬರು ಬರಿ ಲೆಕ್ಕದಿಂದಲೇ ಗೆರೆಯಾಚೆ ಬೀಳುತ್ತಾರೆ. ಮೂತ್ರಪಿಂಡದ ನೆತ್ತಿಯ ಮೇಲಿನ ಅಡ್ರಿನಲ್ ಗ್ರಂಥಿ ಸ್ರವಿಸುವ ಕಾರ್ಟಿಸೋಲ್ ಬೆಳಗ್ಗೆ ಏರಿ ನಡುರಾತ್ರಿಗೆ ಇಳಿಯುತ್ತದೆ. ರಕ್ತ ತೆಗೆದ ಹೊತ್ತು ತಿಳಿಯದೆ ಅದನ್ನು ಓದಲಾಗದು. ಬಸುರಿಯರಲ್ಲೂ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲೂ ಕಾರ್ಟಿಸೋಲನ್ನು ಹೊರುವ ಪ್ರೋಟೀನು ಹೆಚ್ಚಿ, ಒಟ್ಟು ಅಳತೆ ಮೇಲೇರುತ್ತದೆ. ಅದೇ ಗ್ರಂಥಿಯ ಡಿಎಚ್‌ಇಎ-ಎಸ್ ಹರೆಯದಲ್ಲಿ ಹೆಚ್ಚಿದ್ದು ವಯಸ್ಸಾದಂತೆ ತಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗಂಡಸಿನ ಹಾರ್ಮೋನು ಎನಿಸಿಕೊಂಡ, ಡಿಎಚ್‌ಇಎ-ಎಸ್ ಕೂಡ ಸೇರಿದ ಆಂಡ್ರೊಜನ್‌ಗಳನ್ನು ಪ್ರತಿ ಹೆಣ್ಣಿನ ಅಡ್ರಿನಲ್ಲೂ ಅಂಡಾಶಯವೂ ತಯಾರಿಸುತ್ತವೆ. ಅವು ಹೆಣ್ಣಿನ ದೇಹಕ್ಕೆ ಹೊರಗಿನಿಂದ ಬಂದ ನೆಂಟರಲ್ಲ.

ಹಾಗಾದರೆ ಪರೀಕ್ಷೆಯಾದರೂ ಯಾಕೆ ಎಂದು ಕೇಳಬಹುದು. ಜೀವ ಕಾಯಲು. ಡಿಎಚ್‌ಇಎ-ಎಸ್ ವಿಪರೀತ ಏರಿ, ಕೆಲವೇ ತಿಂಗಳಲ್ಲಿ ದನಿ ಗಡುಸಾದರೆ ಅಡ್ರಿನಲ್ ಗ್ರಂಥಿಯಲ್ಲಿ ಗೆಡ್ಡೆಯಿದೆಯೇ ಎಂದು ಸ್ಕ್ಯಾನ್ ಮಾಡಿಸಲೇಬೇಕು. ಕಾರ್ಟಿಸೋಲ್ ತೀರಾ ಕುಸಿದವರಿಗೆ ಔಷಧ ತಪ್ಪಿದರೆ ಸಾವೇ ಬರಬಹುದು. ದೇಹದ ಅಪಾಯ ಹೇಳುವ ಅಧಿಕಾರ ಅಂಕಿಗೆ ಇದೆ. ಹೆಣ್ತನಕ್ಕೆ ಪ್ರಮಾಣಪತ್ರ ಕೊಡುವ ಅಧಿಕಾರವಿಲ್ಲ. ಓಟಗಾರ್ತಿ ದ್ಯುತಿ ಚಂದ್ ಪ್ರಕರಣದಲ್ಲಿ, ಮಹಿಳಾ ಸ್ಪರ್ಧಿಗಳಿಗೆ ಹಾರ್ಮೋನಿನ ಮಿತಿ ಹೇರಿದ್ದ ನಿಯಮವನ್ನು ಕ್ರೀಡಾ ನ್ಯಾಯಮಂಡಳಿ 2015ರಲ್ಲಿ ಅಮಾನತಿನಲ್ಲಿಟ್ಟಿತು, ಸಾಕಷ್ಟು ಪುರಾವೆಯಿಲ್ಲವೆಂದು.

ಕರ್ಮದ ಮಾತು ಇನ್ನೂ ಕಠಿಣ. ಇಂಥ ಅಂಕಿ ಏರಲು ಒಂದು ಕಾರಣವಾದ, ಹುಟ್ಟಿನಿಂದಲೇ ಬರುವ ಅಡ್ರಿನಲ್ ಹೈಪರ್‌ಪ್ಲೇಸಿಯಾ ಎಂಬ ಕಾಯಿಲೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷದ ಜೀನು ಬಂದಾಗ ಆಗುವಂಥದ್ದು. ತಾಯಿಯೊಬ್ಬಳನ್ನೇ ದೂರುವುದಕ್ಕೆ ಬುಡವೇ ಇಲ್ಲ. ಜೀನೂ ಕರ್ಮ ನಡೆಯುವ ದಾರಿಯೇ ಎಂದು ಶ್ರದ್ಧಾವಂತರು ಹೇಳಿಯಾರು. ಆ ನಂಬಿಕೆಯನ್ನು ರಕ್ತಪರೀಕ್ಷೆ ಸುಳ್ಳಾಗಿಸಲಾರದು, ಒಪ್ಪುತ್ತೇನೆ. ಸಾಬೀತೂ ಮಾಡಲಾರದು. ಆದ್ದರಿಂದ ಕರ್ಮವನ್ನು ನಂಬುವವರು ಕೂಡ ಸೊಸೆಯ ರಿಪೋರ್ಟನ್ನು ಆ ನಂಬಿಕೆಗೆ ಸಾಕ್ಷಿಯಾಗಿ ಎಳೆದು ತರಕೂಡದು.