ಶ್ರುತವೂ ಸ್ಪರ್ಶವೂ

ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿ ವ್ಯಾಸತೀರ್ಥರ ಗುರುಗಳಾದ ಬ್ರಹ್ಮಣ್ಯತೀರ್ಥರ ವೃಂದಾವನವಿದೆ. ಕೇಳಿದ ಮಾತ್ರಕ್ಕೆ ತಿಳಿದಂತಾಗದು, ಶ್ರವಣವು ಮನನದಿಂದ ದೃಢಗೊಂಡು ನಿದಿಧ್ಯಾಸನದಲ್ಲಿ ಮಾಗಿದ ಮೇಲೆಯೇ ಅಪರೋಕ್ಷಕ್ಕೆ ದಾರಿಯಾಗುವುದೆಂಬ ವೇದಾಂತಿಗಳ ಕ್ರಮವನ್ನು ಅಂಥ ಸನ್ನಿಧಿಯಲ್ಲಿ ನೆನೆಯುವಾಗ, ಪರರ ಪ್ರಾಣವನ್ನು ಕೈಯಲ್ಲಿ ಹಿಡಿದವರ ವಿದ್ಯೆಯೂ ಈ ವಿಚಾರಕ್ಕೆ ಹೊರತಲ್ಲವೆಂದು ನನಗೆ ತೋರುತ್ತದೆ. ಶುಶ್ರೂಷಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು, ರೋಗವನ್ನು ತಾನೇ ಗುರುತಿಸಿ ಚಿಕಿತ್ಸೆಯನ್ನು ತಾನೇ ನಿರ್ಧರಿಸುವ ಉನ್ನತ ವೃತ್ತಿಗೆ ಎಷ್ಟರಮಟ್ಟಿಗೆ ಸಿದ್ಧಳು?

1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಭಾರತೀಯ ನರ್ಸಿಂಗ್ ಪರಿಷತ್ತಿನೊಡಗೂಡಿ ಬೆಳೆಸಿದ ಪಿಎಚ್.ಡಿ. ಸಂಶೋಧನೆಯ ಪದವಿ; ಪ್ರಶ್ನಾವಳಿ ಹಂಚಿ, ಅಂಕಿಗಳನ್ನು ತೂಗಿ, ಪ್ರಬಂಧವನ್ನೊಪ್ಪಿಸಿ, ವೈವಾ ಮುಗಿಸಿದವರು ಹೆಚ್ಚಾಗಿ ಅಧ್ಯಾಪನಕ್ಕೆ ಹೋಗುತ್ತಾರೆ, ವಾರ್ಡಿಗಲ್ಲ. ಅಮೆರಿಕದಲ್ಲಿ ವೃತ್ತಿಗೆಂದೇ ಬೇರೊಂದು ಡಾಕ್ಟರೇಟ್ ಉಂಟು. 2015ರೊಳಗೆ ಉನ್ನತ ಶುಶ್ರೂಷೆಗೆ ಅದೇ ಪ್ರವೇಶದ್ವಾರವಾಗಬೇಕೆಂದು ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲಿ ಕರೆಕೊಟ್ಟು, ಮುಂದೆ ಕನಿಷ್ಠ 1,000 ಗಂಟೆಗಳ ವೃತ್ತ್ಯಭ್ಯಾಸವನ್ನೂ ವಿಧಿಸಿತು. ಗಡುವು ಕಳೆಯಿತು, ಸ್ನಾತಕೋತ್ತರ ಪದವಿಯ ಬಾಗಿಲು ಮುಚ್ಚಲಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನೆಣಿಸುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ದಕ್ಷತೆಯೂ ಶುಚಿತ್ವವೂ ವೈದ್ಯ ಪರಿಚಾರಕರಿಬ್ಬರಿಗೂ ಸಮಾನ. ಶಾಸ್ತ್ರಪಾರಂಗತಿಯನ್ನೂ ಕರ್ಮವನ್ನು ಮತ್ತೆ ಮತ್ತೆ ಕಂಡ ಅನುಭವವನ್ನೂ ವೈದ್ಯನಿಂದ ಬಯಸುವ ಗ್ರಂಥ, ಉಪಚಾರದ ಅರಿವನ್ನೂ ರೋಗಿಯಲ್ಲಿ ಅನುರಾಗವನ್ನೂ ಪರಿಚಾರಕನಿಂದ ಬಯಸುತ್ತದೆ. ಇಂದಿನ ಉನ್ನತ ಶುಶ್ರೂಷಕಿಯಲ್ಲಿ ಈ ಆರೂ ಗುಣಗಳು ಒಂದುಗೂಡಬೇಕಾಗಿವೆ. ಡಾಕ್ಟರೇಟ್ ಇವುಗಳಲ್ಲಿ ಶಾಸ್ತ್ರವನ್ನು ಕೊಡುತ್ತದೆ. ಅನುರಾಗವನ್ನು ಯಾವ ವಿಶ್ವವಿದ್ಯಾಲಯವೂ ಕೊಡಲಾರದು, ಆದರೆ ವರ್ಷಗಟ್ಟಲೆ ರೋಗಿಯಿಂದ ದೂರವಿಟ್ಟು ಅದನ್ನು ಬತ್ತಿಸಬಲ್ಲದು.

ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಹರಕೆ ಹೊತ್ತು ಬಸುರಿಯಾದ ಹೆಣ್ಣುಮಗಳೊಬ್ಬಳಿಗೆ ನಡುರಾತ್ರಿ ಹೆರಿಗೆಯಾಯಿತೆನ್ನಿ. ಮಾಸು ಬಿದ್ದೊಡನೆ ಸಿಸ್ಟರ್ ಕಿಬ್ಬೊಟ್ಟೆಯ ಮೇಲೆ ಅಂಗೈಯೂರುತ್ತಾಳೆ. ಗರ್ಭಕೋಶ ಗಟ್ಟಿಯಾಗಿ ಸಿಕ್ಕಿದರೆ ಸರಿ, ಮೆತ್ತಗೆ ಜಾರಿದರೆ ರಕ್ತ ಹರಿಯತೊಡಗಿದೆಯೆಂದೇ ಅರ್ಥ, ಒಂದು ಕೈಯಿಂದ ನೀವುತ್ತಲೇ ಆಕ್ಸಿಟೋಸಿನ್ ತರಲು ಕೂಗಬೇಕು. ಆ ಕ್ಷಣದ ಅಂಗೈಯ ಅರಿವು ಅಪರೋಕ್ಷ. ಆದರೂ ಅಂಗೈಗೇ ಎಲ್ಲವೂ ತಿಳಿಯದು: ಕಣ್ಣಳತೆಯಲ್ಲಿ ರಕ್ತನಷ್ಟ ಕಡಿಮೆಯಾಗಿಯೇ ಕಾಣುವುದೆಂಬುದನ್ನು ಅಳೆದು ತೋರಿಸಿದ್ದು ಸಂಶೋಧನೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಪಾಲ್ಗೊಂಡು ಆ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1,620 ತಾಯಂದಿರಿದ್ದರು. ಅವರಲ್ಲಿ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿದವರಲ್ಲಿ ಅತಿರಕ್ತಸ್ರಾವ ಶೇಕಡ 6.4, ನುಂಗದವರಲ್ಲಿ ಶೇಕಡ 12. ಗುಳಿಗೆ ಕೊಟ್ಟು, ಹೆರಿಗೆ ಮಾಡಿಸಿ, ರಕ್ತವನ್ನಳೆದವರು ಹಳ್ಳಿಯ ಸಹಾಯಕ ದಾದಿಯರು. ಶ್ರುತವೂ ಸ್ಪರ್ಶವೂ ಕೂಡಿದ್ದ ಇಂಥ ಎಡೆಯನ್ನು ಬಿಟ್ಟು ಡಾಕ್ಟರೇಟ್ ಬೇರೆಲ್ಲಿ ಬೇರೂರಬೇಕು?

ನಾನು ಬಯಸುವುದಿಷ್ಟು. ಮಾರ್ಗದರ್ಶಕರು ವಾರಕ್ಕೆರಡು ದಿನವಾದರೂ ವಾರ್ಡಿನ ಹೊಣೆ ಹೊರಲಿ. ಅರ್ಧ ವೈವಾ ರೋಗಿಯ ಹಾಸಿಗೆಯ ಬಳಿ ನಡೆಯಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ ಶುಶ್ರೂಷಾಧಿಕಾರಿಗೆ ಆ ಪರೀಕ್ಷಕರ ಸಾಲಿನಲ್ಲಿ ಒಂದು ಕುರ್ಚಿ ಇರಲಿ.