ಬೀಗದಕೈ ಇರುವವರಿಗೆ



ಈಗ ಓದಿದ ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಗುಂಪಿನೊಳಗಿಂದ ಒಬ್ಬ ಎದ್ದು, ಅಣ್ಣನಿಂದ ತನಗೆ ಪಾಲು ಕೊಡಿಸಬೇಕೆಂದು ಯೇಸುವನ್ನು ಕೇಳುತ್ತಾನೆ. ಯೇಸು ಆ ಪಂಚಾಯಿತಿಗೆ ಕೈಹಾಕುವುದಿಲ್ಲ. ಲೋಭದ ವಿಷಯದಲ್ಲಿ ಎಚ್ಚರವಾಗಿರಿ ಎಂದು ಎಲ್ಲರಿಗೂ ಹೇಳಿ, ಕಣಜ ಕೆಡವಿ ಇನ್ನೂ ದೊಡ್ಡ ಕಣಜ ಕಟ್ಟಲು ಹೊರಟವನ ಸಾಮ್ಯ ಹೇಳುತ್ತಾನೆ. ಈ ಎಚ್ಚರಿಕೆಯನ್ನು ನಾವು ಇಷ್ಟು ದಿನ ಯಾರಿಗೆ ಕೊಡುತ್ತಾ ಬಂದಿದ್ದೇವೆ? ಪಾಲು ಕೇಳಿದವರಿಗೆ. ಅದರಲ್ಲೂ ಅಕ್ಕತಂಗಿಯರಿಗೆ. ಕಣಜದ ಬೀಗದಕೈ ಸೊಂಟದಲ್ಲಿ ಸಿಕ್ಕಿಸಿಕೊಂಡವನಿಗೆ ಒಮ್ಮೆಯೂ ಹೇಳಿಲ್ಲ.

ನಾನೂ ಅದನ್ನೇ ಮಾಡಿದ್ದೇನೆ. ಸಭಾಪಾಲಕನಾದ ಹೊಸದರಲ್ಲಿ ಒಂದು ಮನೆಗೆ ಪ್ರಾರ್ಥನೆಗೆ ಹೋಗಿದ್ದೆ. ಯಜಮಾನರನ್ನು ಮಣ್ಣುಮಾಡಿ ವಾರವಾಗಿತ್ತು. ಪ್ರಾರ್ಥನೆ ಮುಗಿದು ಕಾಫಿ ಬಂತು. ಲೋಟ ಕೆಳಗಿಡುವಷ್ಟರಲ್ಲಿ ಹಿರಿಮಗ ಟಿವಿಯ ಕೆಳಗಿನಿಂದ ಛಾಪಾ ಕಾಗದ ತೆಗೆದ. ಹಕ್ಕು ಬಿಡುಗಡೆ ಪತ್ರ. ತಂಗಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, “ಇದರಲ್ಲಿ ಏನೇನು ಬರೆದಿದೆ, ಅಯ್ಯನವರೇ?” ಎಂದು ನನ್ನನ್ನೇ ಕೇಳಿದಳು. “ಅಣ್ಣ ತಾನೇ, ಸಹಿ ಹಾಕಮ್ಮ” ಎಂದೆ. ಹಾಕಿದಳು. ಅದೇ ಪೆನ್ನಿನಿಂದ ನಾನು ಸಾಕ್ಷಿ ಹಾಕಿದೆ. ಕೊನೆಯ ಹಾಳೆಯ ಷೆಡ್ಯೂಲಿನಲ್ಲಿ ಯಾವ ಯಾವ ಸರ್ವೆ ನಂಬರು ಇದ್ದವೋ, ಆಕೆಯೂ ಓದಲಿಲ್ಲ, ನಾನೂ ಓದಲಿಲ್ಲ.

ಕಾನೂನಿನ ಪುಸ್ತಕ ಬಿಡಿಸಿದ್ದು ಅದಾದ ಮೇಲೆ. ಉಯಿಲು ಬರೆಯದೆ ತೀರಿಕೊಂಡ ನಮ್ಮವರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಇದೆ. ಹೆಂಡತಿ, ಮಕ್ಕಳು ಇದ್ದರೆ ಮೂರರಲ್ಲೊಂದು ಪಾಲು ಹೆಂಡತಿಗೆ. ಉಳಿದದ್ದು ಮಕ್ಕಳಿಗೆ ಸರಿಸಮ. ಗಂಡು ಹೆಣ್ಣೆಂಬ ಭೇದ ಅಲ್ಲಿಲ್ಲ. “ಮದುವೆಯಲ್ಲಿ ಚಿನ್ನ ಹಾಕಿದ್ದೇವಲ್ಲ, ಅವಳ ಪಾಲು ಅಲ್ಲಿಗೆ ತೀರಿತು” ಎನ್ನುವ ಮಾತನ್ನು ಈ ಊರಿನ ಪ್ರತಿ ಮನೆಯಲ್ಲೂ ಕೇಳಿದ್ದೇನೆ. ಅದೇ ಕಾಯ್ದೆಯ 49ನೆಯ ಕಲಮು ಏನು ಹೇಳುತ್ತದೆ ಗೊತ್ತೇ? ತಂದೆ ಬದುಕಿದ್ದಾಗ ಮಗುವಿಗೆ ಕೊಟ್ಟದ್ದನ್ನು, ಪಾಲಿನ ಲೆಕ್ಕ ಹಾಕುವಾಗ ಹಿಡಿಯಲೇಬಾರದು. ಚಿನ್ನದ ಲೆಕ್ಕ ಬೇರೆ, ಜಮೀನಿನ ಲೆಕ್ಕ ಬೇರೆ. ಹಾಗೆ ಹಿಡಿಯುವುದೇ ಆದರೆ ಹಿರಿಮಗನ ಇಂಜಿನಿಯರಿಂಗ್ ಸೀಟಿಗೆ ಕಟ್ಟಿದ ಹಣವನ್ನೂ ಹಿಡಿಯಬೇಕಾಗುತ್ತಿತ್ತು!

ತಂದೆ ಉಯಿಲು ಬರೆದಿದ್ದರೆ ಮಾತು ಬೇರೆ. ಸ್ವಂತ ಆಸ್ತಿಯನ್ನು ಆತ ಯಾರಿಗೆ ಬೇಕಾದರೂ ಬರೆಯಬಹುದು, ಮಗಳ ಹೆಸರನ್ನೇ ಬಿಡಬಹುದು. ಅದಕ್ಕೆ ದೇವರ ಮುಂದೆ ಆತನೇ ಉತ್ತರ ಕೊಡಬೇಕು. ಆದರೆ ಉಯಿಲಿನಲ್ಲಿ ಹೆಸರಿದ್ದವರನ್ನು ಕತ್ತಲಲ್ಲಿ ಇಡುವಂತಿಲ್ಲ. ಉಯಿಲು ನಡೆಸುವವನು ಕೋರ್ಟಿನಿಂದ ಪ್ರೊಬೇಟ್, ಅಂದರೆ ಉಯಿಲಿನ ದೃಢೀಕರಣ, ಪಡೆದ ಆರು ತಿಂಗಳಲ್ಲಿ ಆಸ್ತಿ, ಸಾಲಗಳ ಪಟ್ಟಿಯನ್ನೂ ಒಂದು ವರ್ಷದಲ್ಲಿ ಲೆಕ್ಕವನ್ನೂ ಕೋರ್ಟಿಗೆ ಒಪ್ಪಿಸಬೇಕು. ಇನ್ನು ಬುದ್ಧಿಮಾಂದ್ಯ ಮಗುವಿಗೋ ಮೊಮ್ಮಕ್ಕಳಿಗೋ ಎಂದು ಹಣ ಇಟ್ಟು, ಚಿಕ್ಕಪ್ಪನನ್ನು ಟ್ರಸ್ಟಿ ಮಾಡಿಹೋದ ಮನೆಗಳು ನಮ್ಮಲ್ಲೂ ಇವೆ. ಆ ಹಣ ಚಿಕ್ಕಪ್ಪನದಲ್ಲ. 1882ರ ಟ್ರಸ್ಟ್ ಕಾಯ್ದೆಯ ಪ್ರಕಾರ ಅದನ್ನು ಆತ ತನ್ನ ಲಾಭಕ್ಕೆ ಬಳಸುವಂತಿಲ್ಲ. ಟ್ರಸ್ಟ್ ಪತ್ರ, ಲೆಕ್ಕ, ರಸೀದಿಗಳನ್ನು ನೋಡುವ, ನಕಲು ಪಡೆಯುವ ಹಕ್ಕು ಫಲಾನುಭವಿಗಿದೆ. ಟ್ರಸ್ಟಿನ ಕೆಲಸಕ್ಕೆಂದು ಟ್ರಸ್ಟಿ ಕೇಳಿದ ವಕೀಲರ ಅಭಿಪ್ರಾಯವನ್ನೂ ನೋಡಬಹುದು. ಇದನ್ನೆಲ್ಲ ಕೇಳಿದರೆ ನಮ್ಮಲ್ಲಿ ಏನನ್ನುತ್ತಾರೆ? “ನನ್ನ ಮೇಲೆ ನಂಬಿಕೆ ಇಲ್ಲವೇ?” ಲೂಕ 16ರ ಧಣಿ ಮನೆವಾರ್ತೆಯವನಿಂದ ಲೆಕ್ಕ ಕೇಳಿದ್ದನ್ನು ಯಾರಾದರೂ ಜಗಳವೆಂದು ಕರೆದಿದ್ದಾರೆಯೇ?

ಚಲ್ಪಹಾದನ ಐವರು ಹೆಣ್ಣುಮಕ್ಕಳ ಹೆಸರುಗಳನ್ನು ಅರಣ್ಯಕಾಂಡ ಒಂದೊಂದಾಗಿ ಬರೆದಿಟ್ಟಿದೆ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ದೇವದರ್ಶನದ ಗುಡಾರದ ಬಾಗಿಲಲ್ಲಿ, ಮೋಶೆ, ಯಾಜಕ, ಇಡೀ ಸಮೂಹದ ಎದುರು ನಿಂತು ಅವರು ಸ್ವಾಸ್ತ್ಯ ಕೇಳಿದರು. ಮೋಶೆ ತನ್ನ ಬುದ್ಧಿಯಿಂದ ತೀರ್ಪು ಕೊಡಲಿಲ್ಲ; ದೇವರನ್ನು ಕೇಳಿದ. ಅವರು ಹೇಳುವುದು ನ್ಯಾಯ ಎಂದು ಉತ್ತರ ಬಂತು. ನನ್ನಂಥ ಪಾಲಕ ಅಲ್ಲಿದ್ದಿದ್ದರೆ ಅವರನ್ನು ಸುಮ್ಮನಿರಿಸಿ ಕಳುಹಿಸುತ್ತಿದ್ದನೇನೋ.

ನಮ್ಮ ಕಾಲದಲ್ಲಿ ಹಾಗೆ ನಿಂತು ಕೇಳಿದವರು ಕೇರಳದ ಮೇರಿ ರಾಯ್. ತಿರುವಾಂಕೂರಿನ 1916ರ ಕಾಯ್ದೆ ಕ್ರೈಸ್ತ ಮಗಳಿಗೆ ಕೊಡುತ್ತಿದ್ದದ್ದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. 1986ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆ ಇನ್ನು ಅನ್ವಯಿಸದು ಎಂದಿತು. ಆಗ ಅಲ್ಲಿನ ಕೆಲವು ಸಭೆಗಳೇ ತೀರ್ಪಿಗೆ ವಿರೋಧವಾಗಿ ನಿಂತವು. ನಮ್ಮ ಸಭೆಗಳವರ ಬಗ್ಗೆ ಇದನ್ನು ಹೇಳಲು ನಾಚಿಕೆಯಾಗುತ್ತದೆ.

ಪಾಲು ಬೇಡವೆನ್ನುವ ತಂಗಿ ಧಾರಾಳವಾಗಿ ಬಿಡಲಿ. ಆದರೆ ಏನನ್ನು ಬಿಡುತ್ತಿದ್ದಾಳೆಂದು ತಿಳಿದು ಬಿಡಲಿ.

ಮುಂದಿನ ಭಾನುವಾರ ಕರ್ತನ ಭೋಜನವಿದೆ. ಅಪ್ಪನ ಪೆಟ್ಟಿಗೆಯ ಬೀಗದಕೈ ಯಾರ ಬಳಿ ಇದೆಯೋ ಅವರು ಅಷ್ಟರೊಳಗೆ ಪಹಣಿ, ಪಾಸ್‌ಬುಕ್, ಉಯಿಲು ಇದ್ದರೆ ಅದನ್ನೂ ಹೊರಗೆ ತೆಗೆದು ಅಕ್ಕತಂಗಿಯರ ಮುಂದಿಡಿ. ದೂರದಲ್ಲಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ಕಳುಹಿಸಿ. ಸಾಕ್ಷಿ ಹಾಕಲು ನನ್ನನ್ನು ಕರೆಯುವುದಾದರೆ ಅಕ್ಕತಂಗಿಯರು ಕೊನೆಯ ಹಾಳೆಯವರೆಗೆ ಓದಿದ ಮೇಲೆ ಕರೆಯಿರಿ.